ಕುಶಾಲಪ್ಪನವರ ಸೆಲ್ಯೂಟು

ಸುಬೇದಾರ್ ಕುಶಾಲಪ್ಪನವರ ಸೆಲ್ಯೂಟು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಎಲ್ಲರ ಪಾಲಿಗೂ ಅಲ್ಲ. ದ್ವಾರಕಾದ ನಮ್ಮ ಸೊಸೈಟಿಯ ಗೇಟಿನಲ್ಲಿ ಬೆಳಗ್ಗೆ ಆಫೀಸಿಗೆ ಓಡುವ ನಮ್ಮಂಥವರನ್ನು ಅವರು ತಲೆಯಾಡಿಸಿ, ನಕ್ಕು ಕಳಿಸಿಬಿಡುತ್ತಿದ್ದರು. ಸಿ ಬ್ಲಾಕಿನ ಕರ್ನಲ್ ಭಲ್ಲಾ ವಾಕಿಂಗಿಗೆ ಹೊರಟರೆ ಮಾತ್ರ ಕುರ್ಚಿ ಬಿಟ್ಟು ಎದ್ದು, ಬೂಟು ಜೋಡಿಸಿ, ಸೊಂಟವನ್ನು ನೆಟ್ಟಗೆ ಮಾಡಿ, ಅಂಗೈ ಪೂರ್ತಿ ಕಾಣುವಂತೆ ಸೆಲ್ಯೂಟು ಹೊಡೆಯುತ್ತಿದ್ದರು. ಹೊಡೆದು, ಹಾಲಿನವನಿಗೂ ಪೇಪರಿನವನಿಗೂ ಕೇಳುವ ಹಾಗೆ ಹೇಳುತ್ತಿದ್ದರು: "ಜೈ ಹಿಂದ್ ಸಾಬ್. ಕಮರ್ ಠೀಕ್ ಹೈ ಸಾಬ್." ನನ್ನ ಸೊಂಟ ಚೆನ್ನಾಗಿದೆ ಸಾಹೇಬರೇ, ಎಂದು. ಸೆಲ್ಯೂಟು ಬಂದರೆ ಹಿಂತಿರುಗಿಸದೆ ಇರಲು ಫೌಜಿನವರಿಗೆ ನಿವೃತ್ತಿಯಾದ ಮೇಲೂ ಆಗುವುದಿಲ್ಲ. ಕರ್ನಲ್ ಭಲ್ಲಾ ಕೈ ಎತ್ತುತ್ತಿದ್ದರು, ಮುಖ ಆಚೆ ತಿರುಗಿಸಿಕೊಂಡು ಬೇಗಬೇಗ ಹೋಗುತ್ತಿದ್ದರು. ಅವರು ತಿರುವಿನಲ್ಲಿ ಮರೆಯಾಗುವವರೆಗೆ ಕುಶಾಲಪ್ಪನವರು ಹಾಗೇ ನಿಂತಿದ್ದು, ಆಮೇಲೆ ಮೇಜಿನ ಅಂಚು ಹಿಡಿದು ಮೆಲ್ಲಗೆ ಕೂರುತ್ತಿದ್ದರು. ಕೂರುವಾಗ ಅವರ ಮುಖ ಕಂಡವರಿಗೆ ಆ ಸೊಂಟ ಎಷ್ಟು ಠೀಕಾಗಿದೆ ಎಂದು ತಿಳಿಯುತ್ತಿತ್ತು.

ಅವರು ಕೊಡಗಿನವರು. ಸಿಪಾಯಿಯಾಗಿ ಸೇರಿ ಸುಬೇದಾರ್ ಆಗಿ ನಿವೃತ್ತರಾಗಿದ್ದರು. ಈಗ ನಮ್ಮ ಸೊಸೈಟಿಯ ಸೆಕ್ಯೂರಿಟಿ ಸೂಪರ್‌ವೈಸರ್. ನಾನು ತುಮಕೂರಿನವಳು, ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ. ಬೇರೆ ಯಾರೂ ಒಪ್ಪದ ಕಾರಣ ಸೊಸೈಟಿ ಕಮಿಟಿಯ ಕಾರ್ಯದರ್ಶಿ ಪಟ್ಟವೂ ನನ್ನ ತಲೆಗೇ ಬಂದಿತ್ತು. ಒಂದು ದಿನ ಗೇಟಿನ ಬಳಿ ಕ್ಯಾಬಿಗೆ ಕಾಯುತ್ತಾ ಫೋನಿನಲ್ಲಿ ಅಮ್ಮನ ಮೇಲೆ ರೇಗಾಡುತ್ತಿದ್ದೆ. ಫೋನಿಟ್ಟ ಮೇಲೆ ಹಿಂದಿನಿಂದ ಯಾರೋ ಅಚ್ಚ ಕನ್ನಡದಲ್ಲಿ, "ಅಮ್ಮನ ಹತ್ರ ಹಾಗೆಲ್ಲ ಮಾತಾಡಬಾರದು ಮೇಡಂ" ಎಂದರು. ದೆಹಲಿಯಲ್ಲಿ ಕನ್ನಡ ಕೇಳಿದ ಸಂತೋಷಕ್ಕೆ ಬೈಸಿಕೊಂಡದ್ದೂ ಮರೆತುಹೋಯಿತು. ಆವತ್ತಿನಿಂದ ಜನರೆದುರು ನಾನು ಮೇಡಂ, ಇಬ್ಬರೇ ಇದ್ದಾಗ ಮಗಳೇ. ಪಾಲಂನ ಗಲ್ಲಿಯೊಂದರಲ್ಲಿ ಅವರ ಎರಡು ಕೋಣೆಯ ಬಾಡಿಗೆ ಮನೆ. ಭಾನುವಾರ ಅಲ್ಲಿಗೆ ಹೋದರೆ ಅವರ ಹೆಂಡತಿ ದೇಚಮ್ಮ ಆಂಟಿ ನನಗೆಂದೇ ಅಕ್ಕಿ ಉಂಡೆಯ ಕಡಂಬುಟ್ಟು ಮಾಡಿ, ಜೊತೆಗೆ ತರಕಾರಿ ಸಾರು ಇಟ್ಟಿರುತ್ತಿದ್ದರು.

ಸೇಡು ಇಟ್ಟುಕೊಳ್ಳುವುದರಲ್ಲಿ ಕುಶಾಲಪ್ಪನವರು ಬಹಳ ಅಚ್ಚುಕಟ್ಟು. ಪಾಲಂನ ತರಕಾರಿ ಭಯ್ಯಾ ಒಬ್ಬ ಒಮ್ಮೆ ಅವರಿಗೆ ಕೊಳೆತ ಟೊಮೇಟೊ ಹಾಕಿಕೊಟ್ಟಿದ್ದನಂತೆ. ಅದಾಗಿ ವರ್ಷಗಳಾದರೂ ದಿನಾ ಅವನ ಗಾಡಿಯ ಮುಂದೆ ನಿಂತು ಒಂದೊಂದೇ ತರಕಾರಿಯ ರೇಟು ಕೇಳಿ, ಎಲ್ಲದಕ್ಕೂ "ಅಚ್ಛಾ" ಎಂದು, ಪಕ್ಕದ ಗಾಡಿಯಲ್ಲಿ ಕೊಳ್ಳುತ್ತಿದ್ದರು. ಇನ್ನಾದರೂ ಬಿಟ್ಟುಬಿಡಿ ಎಂದು ನಾನು ನಕ್ಕರೆ, "ಬಿಟ್ಟುಬಿಡಿ ಅನ್ನೋರು ಆ ಟೊಮೇಟೊ ತಿಂದಿರಲ್ಲ ಮಗಳೇ" ಎನ್ನುತ್ತಿದ್ದರು. ನನಗೆ ಈ ಗುಣ ಮೊದಲು ತಮಾಷೆಯಾಗಿ ಕಂಡಿತ್ತು. ಸೊಂಟದ ಕಥೆ ಕೇಳಿದ ಮೇಲೆ ತಮಾಷೆ ಹೋಯಿತು, ನಾನೂ ಅವರ ಪಕ್ಷಕ್ಕೆ ಸೇರಿದೆ.

ಉತ್ತರದ ಗುಡ್ಡಗಳಲ್ಲಿ ಪೋಸ್ಟಿಂಗ್ ಇದ್ದಾಗ ಅವರಿದ್ದ ಟ್ರಕ್ಕು ರಸ್ತೆ ಬಿಟ್ಟು ಕೆಳಗೆ ಉರುಳಿತ್ತು. ಜೊತೆಯವರಿಗೆ ಕೈಕಾಲು ಮುರಿದವು, ಇವರಿಗೆ ಸೊಂಟಕ್ಕೆ ಪೆಟ್ಟು. ರಕ್ತ ಬಂದಿರಲಿಲ್ಲವಾದ್ದರಿಂದ ಇವರು ಎದ್ದು ನಿಂತು, ನನಗೇನಾಗಿಲ್ಲ, ಅವರನ್ನು ನೋಡಿ ಎಂದರಂತೆ. ಆಮೇಲೆ ನೋವು ಶುರುವಾದಾಗಲೂ ವರದಿ ಮಾಡಲಿಲ್ಲ. ಫೌಜಿನಲ್ಲಿ ಪ್ರತಿಯೊಬ್ಬನ ದೇಹಕ್ಕೂ ಒಂದು ದರ್ಜೆ ಇರುತ್ತದೆ. ನೋವು ಎಂದು ಬರೆಸಿಕೊಂಡರೆ ದರ್ಜೆ ಇಳಿಯುತ್ತದೆ, ದರ್ಜೆ ಇಳಿದರೆ ಬಡ್ತಿ ನಿಲ್ಲುತ್ತದೆ. ಅದಕ್ಕೇ ಅಲ್ಲಿ ನೋವನ್ನು ಎಲ್ಲರೂ ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಳ್ಳುತ್ತಾರಂತೆ. ಇವರೂ ಮುಲಾಮು ಸವರಿಕೊಂಡು, ಬೆಲ್ಟು ಬಿಗಿದುಕೊಂಡು ಸುಬೇದಾರ್ ಆದರು.

ಫೌಜಿನಿಂದ ಬಿಡುಗಡೆಯ ಸಮಯದಲ್ಲಿ ಕೊನೆಯ ವೈದ್ಯಕೀಯ ತಪಾಸಣೆ ನಡೆಯುತ್ತದೆ. ಅಲ್ಲಿ ಬರೆದದ್ದೇ ಸಾಯುವವರೆಗೆ ಸತ್ಯ. ಸರ್ವೀಸಿನಲ್ಲಾದ ಪೆಟ್ಟು ಎಂದು ಅಲ್ಲಿ ದಾಖಲಾದರೆ ಮಾತ್ರ ಅಂಗವೈಕಲ್ಯದ ಪಿಂಚಣಿ. ಇನ್ನು ಬಡ್ತಿಯ ಭಯವಿಲ್ಲ, ಈಗಲಾದರೂ ಹೇಳಿಬಿಡಬೇಕು ಎಂದು ನಿಶ್ಚಯಿಸಿಯೇ ಕುಶಾಲಪ್ಪನವರು ಹೋಗಿದ್ದರು. ಬೋರಲು ಮಲಗಿಸಿ ಬೆನ್ನುಮೂಳೆ ಒತ್ತಿದ ಡಾಕ್ಟರು ಕರ್ನಲ್ ಭಲ್ಲಾ. ಕೆಳಗಿನ ಗಂಟಿಗೆ ಹೆಬ್ಬೆರಳು ಬಂದಾಗ ಇವರಿಗೆ ಉಸಿರು ಸಿಕ್ಕಿಕೊಂಡಿತು. ಹೆಬ್ಬೆರಳು ಅಲ್ಲೇ ನಿಂತಿತು. ಆಮೇಲೆ ಡಾಕ್ಟರು ಬಹಳ ಮೆತ್ತಗೆ ಹೇಳಿದರಂತೆ: ಬರೆದರೆ ಆಸ್ಪತ್ರೆಗೆ ಹಾಕಬೇಕಾಗುತ್ತದೆ, ಎಕ್ಸ್‌ರೇ, ಮೆಡಿಕಲ್ ಬೋರ್ಡು, ಮತ್ತೊಂದು ಬೋರ್ಡು, ಮನೆಗೆ ಹೋಗುವುದು ಎಷ್ಟು ತಿಂಗಳಾಗುತ್ತದೋ. ಹೊರಗೆ ಇನ್ನೂ ಉದ್ದ ಸಾಲಿದೆ. "ಕಮರ್ ಠೀಕ್ ಹೈ ನಾ, ಸಾಬ್?" ಎಂದು ಡಾಕ್ಟರೇ ಕೇಳಿದರು; ಸುಬೇದಾರರನ್ನು ಅಧಿಕಾರಿಗಳೂ ಸಾಬ್ ಎನ್ನುತ್ತಾರೆ.

"ಠೀಕ್ ಹೈ ಸಾಬ್" ಎಂದರು ಕುಶಾಲಪ್ಪನವರು. ಬಾಗಿಲಿನಾಚೆ ಅವರದೇ ತುಕಡಿಯ ಹುಡುಗರು ನಿಂತಿದ್ದರು. ಟ್ರೈನಿನ ಟಿಕೆಟ್ ಜೇಬಿನಲ್ಲಿತ್ತು. ಅಷ್ಟು ವರ್ಷ ಬಾಯಿಪಾಠವಾಗಿದ್ದ ಮಾತು ತಾನಾಗಿಯೇ ಬಂದುಬಿಟ್ಟಿತು.

ಸಿವಿಲ್ ಬದುಕಿನ ಮೊದಲ ವರ್ಷದಲ್ಲೇ ಕಾಲು ಜೋಮು ಹಿಡಿಯತೊಡಗಿತು. ಒಳ್ಳೆಯ ಆಸ್ಪತ್ರೆ ದೆಹಲಿಯಲ್ಲಿದೆ ಎಂದು ಗಂಡಹೆಂಡತಿ ಇಲ್ಲಿಗೇ ಬಂದು ಉಳಿದರು. ಮಾಜಿ ಸೈನಿಕರ ಯೋಜನೆಯಲ್ಲಿ ಚಿಕಿತ್ಸೆ ಉಂಟು, ಇಲ್ಲವೆನ್ನಲಾರೆ. ಆದರೆ ಒಮ್ಮೆ ಅವರ ಜೊತೆ ಗುರುಗ್ರಾಮದ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನಲ್ಲಿ ಟೈ ಕಟ್ಟಿದ್ದವನು ಇವರ ಕಾರ್ಡು ನೋಡಿದ್ದೇ, ಸ್ಕೀಮಿನ ಪೇಷಂಟುಗಳು ಕೆಳಗೆ ಬೇಸ್‌ಮೆಂಟಿನಲ್ಲಿ ಕೂರಬೇಕು ಸರ್, ಎಂದ. ಕೆಳಗೆ ಎಸಿ ಇಲ್ಲ, ಕುರ್ಚಿ ಸಾಲದು, ಗೋಡೆಗೊರಗಿ ನಿಂತ ಮುದುಕರೆಲ್ಲ ಒಂದು ಕಾಲದಲ್ಲಿ ಬಂದೂಕು ಹಿಡಿದವರು. "ಫೌಜಿನಲ್ಲಿ ಬೈದು ಔಷಧಿ ಕೊಡೋರು. ಇಲ್ಲಿ ಸರ್ ಅಂತಾರೆ, ಔಷಧಿ ಮಾತ್ರ ಕೊಡಲ್ಲ" ಎಂದರು ಕುಶಾಲಪ್ಪನವರು. ಮಧ್ಯಾಹ್ನದ ಮೇಲೆ ಸಿಕ್ಕ ಡಾಕ್ಟರು ಹಳೆಯ ಕಾಗದ ತಿರುವಿ, ಬಿಡುಗಡೆಯಾದಾಗ ಪೂರ್ತಿ ಫಿಟ್ ಇದ್ದಿರಲ್ಲ, ಹಾಗಾದರೆ ಇದು ವಯಸ್ಸಿನದು, ಎಂದರು. ಟ್ರಕ್ಕಿನ ಕಥೆ ಹೇಳಲು ಹೋದರೆ ನಕ್ಕು ತಲೆಯಾಡಿಸಿದರು. ಪಿಂಚಣಿಗೆಂದು ಮೇಲ್ಮನವಿ ಹಾಕಿದಾಗಲೂ ಅದೇ ಉತ್ತರ ಬಂದಿತ್ತಂತೆ. ವಯಸ್ಸು ಎಂಬ ಆ ಮಾತು ಅವರಿಗೆ ನೋವಿಗಿಂತ ಹೆಚ್ಚು ಚುಚ್ಚುತ್ತಿತ್ತು. "ಮುದುಕ ಆಗಿ ಸೊಂಟ ಹೋಯ್ತು ಅಂತ ನನ್ನ ಕೈಲೇ ಒಪ್ಪಿಸ್ತಾರೆ ನೋಡು. ನನ್ನ ಸೊಂಟ ಎಲ್ಲಿ ಹೋಯ್ತು ಅಂತ ನನಗೆ ಗೊತ್ತು, ಅವನಿಗೂ ಗೊತ್ತು."

ಆ 'ಅವನು' ಒಂದು ದಿನ ತನ್ನ ಸೋಫಾ, ಫ್ರಿಜ್ಜು, ಗಾಲ್ಫ್ ಚೀಲ ಹೇರಿಕೊಂಡು ನಮ್ಮ ಸೊಸೈಟಿಗೇ ಬಂದಿಳಿಯಬೇಕೇ? ಲಾರಿಯನ್ನು ಗೇಟಿನಲ್ಲಿ ನಿಲ್ಲಿಸಿ ಒಳಗೆ ಬಿಟ್ಟವರೇ ಕುಶಾಲಪ್ಪನವರು. ಮರುದಿನ ಬೆಳಗ್ಗೆ ಸೆಲ್ಯೂಟು ಶುರುವಾಯಿತು. ಎಷ್ಟೋ ಸಾವಿರ ಬೆನ್ನು ಒತ್ತಿದ್ದ ಕರ್ನಲ್ಲಿಗೆ ಮೊದಲು ಏನೂ ಹೊಳೆಯಲಿಲ್ಲ. ಹಳೆಯ ಫೌಜಿಯ ಗೌರವ ಎಂದುಕೊಂಡು ಖುಷಿಯಿಂದ ಕೈ ಎತ್ತಿ, "ಶಾಬಾಶ್" ಎನ್ನುತ್ತಿದ್ದರು. ಕೆಲವು ವಾರಗಳ ನಂತರ ಒಂದು ಬೆಳಗ್ಗೆ ಎತ್ತಿದ ಕೈ ಹಣೆಯ ಹತ್ತಿರವೇ ನಿಂತಿತು, ಮುಖದ ನಗು ಇಳಿಯಿತು. ನಾನು ಕ್ಯಾಬಿಗೆ ಕಾಯುತ್ತಾ ಅಲ್ಲೇ ಇದ್ದೆ. ಅವರು ಹೋದ ಮೇಲೆ ಕುಶಾಲಪ್ಪನವರು ಥರ್ಮಾಸಿನಿಂದ ನನಗೊಂದು ಲೋಟ, ತಮಗೊಂದು ಲೋಟ ಕಾಫಿ ಬಗ್ಗಿಸಿ, "ಇವತ್ತು ನೆನಪಾಯ್ತು ಅವನಿಗೆ" ಎಂದರು. ಅಷ್ಟು ಸಂತೋಷದಿಂದ ಅವರು ಕಾಫಿ ಕುಡಿದದ್ದನ್ನು ನಾನು ಮತ್ತೆ ನೋಡಲಿಲ್ಲ.

ನೆನಪಾಗಿದೆಯಲ್ಲ, ಈಗ ಹೋಗಿ ಮಾತಾಡಿ, ಒಂದು ಕಾಗದ ಬರೆಸಿಕೊಳ್ಳಿ, ಮತ್ತೆ ಅರ್ಜಿ ಹಾಕೋಣ ಎಂದೆ. ಅವರು ಒಪ್ಪಲಿಲ್ಲ. "ಕಾಗದದ ಕಾಲ ಮುಗೀತು ಮಗಳೇ. ನನಗೆ ಗೊತ್ತಿತ್ತು, ಗೊತ್ತಿದ್ದೂ ಬರೀಲಿಲ್ಲ ಅಂತ ಅವನು ನನ್ನ ಮುಂದೆ ನಿಂತು ಬಾಯಿಬಿಟ್ಟು ಹೇಳ್ಬೇಕು. ಹೇಳೋ ತನಕ ನನ್ನ ಸೊಂಟ ಠೀಕಾಗೇ ಇರುತ್ತೆ." ಆ ಹೋಳಿಯ ಚಹಾಕೂಟದಲ್ಲಿ ಕರ್ನಲ್ ಭಲ್ಲಾ ಸಮೋಸಾ ತಿನ್ನುತ್ತಾ, ತಮ್ಮ ಮೊಣಕಾಲು, ತಮ್ಮ ಬಿಪಿ, ತಮ್ಮ ಕಿವಿ ಎಲ್ಲವೂ ಸರ್ವೀಸಿನಲ್ಲೇ ಕೆಟ್ಟದ್ದೆಂದು ಬಿಡುಗಡೆಯ ಹೊತ್ತಿನಲ್ಲಿ ಬರೆಸಿಕೊಂಡದ್ದನ್ನು ಕಮಿಟಿಯ ಅಧ್ಯಕ್ಷ ಗುಪ್ತಾಜಿಗೆ ವಿವರಿಸುತ್ತಿದ್ದರು. ಬುದ್ಧಿ ಇರುವವನು ಹಾಗೆ ಮಾಡಬೇಕು ಎಂದರು. ನಾನು ಈ ಮಾತನ್ನು ಒಂದಕ್ಷರ ಬಿಡದೆ ಗೇಟಿಗೆ ತಲುಪಿಸಿದೆ. ಮರುದಿನದ ಸೆಲ್ಯೂಟಿನ ಸದ್ದು ನನ್ನ ಒಂಬತ್ತನೇ ಮಹಡಿಯ ಬಾಲ್ಕನಿಗೂ ಕೇಳಿಸಿತು.

ಕೊನೆಗೆ ಕರ್ನಲ್ ಕಮಿಟಿಗೆ ದೂರು ಕೊಟ್ಟರು. ಅಧ್ಯಕ್ಷ ಗುಪ್ತಾಜಿ ಬ್ಯಾಂಕಿನಿಂದ ನಿವೃತ್ತರಾದ ಸಾಧು ಮನುಷ್ಯ. ಏನು ತೊಂದರೆ ಕೊಡುತ್ತಾನೆ, ಎಂದು ಕೇಳಿದರು. ಸೆಲ್ಯೂಟು ಹೊಡೆಯುತ್ತಾನೆ, ಎಂದರು ಕರ್ನಲ್. ಅದರಲ್ಲಿ ತಪ್ಪೇನು? ಸೊಂಟ ಸರಿಯಾಗಿದೆ ಎಂದು ಹೇಳುತ್ತಾನೆ. ಸಂತೋಷದ ವಿಷಯವಲ್ಲವೇ, ಎಂದರು ಗುಪ್ತಾಜಿ. ನಾನು ಬಾಗಿ ಬರೆದುಕೊಳ್ಳುವವಳಂತೆ ನಟಿಸಿ ನಗು ನುಂಗಿಕೊಂಡೆ. ಕುಶಾಲಪ್ಪನವರನ್ನು ಕರೆಸಿದೆವು. ಅವರು ಸಾವಧಾನ್ ಭಂಗಿಯಲ್ಲಿ ನಿಂತು, ಸಾಹೇಬರು ಒಮ್ಮೆ ಪ್ರೀತಿಯಿಂದ ವಿಚಾರಿಸಿದ್ದರು, ಅದಕ್ಕೆ ದಿನಾ ಹೇಳುತ್ತಿದ್ದೇನೆ, ಎಂದರು. ಗುಪ್ತಾಜಿ ಪಾಪ, ಇದರಲ್ಲಿ ನಿಮಗೆ ನೋವಾಗುವಂಥದ್ದು ಏನಿದೆ, ಸ್ವಲ್ಪ ಬಿಡಿಸಿ ಹೇಳಿ ಕರ್ನಲ್ ಸಾಬ್, ಎಂದು ಕೇಳಿದರು. ಬಿಡಿಸಿ ಹೇಳಿದರೆ ಎಲ್ಲ ಹೇಳಿದಂತೆಯೇ. ಭಲ್ಲಾರ ಕಿವಿ ಕೆಂಪಾಯಿತು, ಏನೂ ಇಲ್ಲ ಬಿಡಿ ಎಂದು ಎದ್ದುಹೋದರು. ದೂರು ವಜಾ ಎಂದು ನಾನೇ ಬರೆದೆ, ಬಹಳ ದುಂಡಗಿನ ಅಕ್ಷರದಲ್ಲಿ.

ಇಷ್ಟಕ್ಕೇ ಕುಶಾಲಪ್ಪನವರ ಹೊಟ್ಟೆ ತಣ್ಣಗಾಗಲಿಲ್ಲ. ಭಾನುವಾರಗಳಂದು ಪಾಲಂನ ಮನೆಯ ತಾರಸಿಯ ಮೇಲೆ ಅವರದೊಂದು ಪರೇಡು ನಡೆಯುತ್ತಿತ್ತು. ದೆಹಲಿಯಲ್ಲಿ ಪೋಸ್ಟಿಂಗ್ ಇದ್ದು ಸದ್ಯದಲ್ಲೇ ಬಿಡುಗಡೆಯಾಗಲಿರುವ ನಮ್ಮ ಕಡೆಯ ಜವಾನರು, ಹವಾಲ್ದಾರರು ಒಬ್ಬರಿಂದೊಬ್ಬರು ಕೇಳಿ ಬರುತ್ತಿದ್ದರು. ಅವರಿಗೆ ಇವರು ಕಲಿಸುತ್ತಿದ್ದದ್ದು ನೋವು ಎಂದು ಹೇಳುವುದನ್ನು. ಕೇಳಲು ಸುಲಭ, ಆ ಜನಕ್ಕೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಗೋಕಾಕದ ಹವಾಲ್ದಾರ್ ಮಲ್ಲಪ್ಪ ಎಂಬಾತ ಮೆಟ್ಟಿಲು ಹತ್ತಿ ಬರುವಾಗಲೇ ಎರಡೂ ಮೊಣಕಾಲು ಲಟಲಟ ಎನ್ನುತ್ತಿದ್ದವು. ಚಾಪೆಯ ಮೇಲೆ ಮಲಗಿಸಿ ಮೊಣಕಾಲು ಮಡಿಸಿ, ಡಾಕ್ಟರ ದನಿಯಲ್ಲಿ "ನೋವಿದೆಯಾ?" ಎಂದರೆ ಅವನು ಹಲ್ಲು ಕಚ್ಚಿಕೊಂಡು, "ಏನಿಲ್ರಿ ಸಾಬ್, ಆರಾಮ ಅದೀನಿ" ಎನ್ನುತ್ತಿದ್ದ.

"ಆರಾಮ ಇದ್ರೆ ಎದ್ದು ಹೋಗು. ಇನ್ನು ಮೇಲೆ ನಿನ್ನ ಹೆಂಡತಿ ಕಾಲು ಒತ್ತಿಕೊಂಡು ಇರಲಿ" ಎಂದು ಕುಶಾಲಪ್ಪನವರು ಗದರಿ, ಮತ್ತೆ ಮಲಗಿಸುತ್ತಿದ್ದರು. ಸುಳ್ಳು ನೋವು ಮಾತ್ರ ಅವರಲ್ಲಿ ನಡೆಯುತ್ತಿರಲಿಲ್ಲ. ಒಬ್ಬ ಸುಮ್ಮಸುಮ್ಮನೆ ನರಳಿದಾಗ ಅವನನ್ನು ಮೆಟ್ಟಿಲವರೆಗೆ ಅಟ್ಟಿದರು. ಇವನೊಬ್ಬನಿಂದ ನಿಜವಾದವರನ್ನೂ ನಂಬದಿರುತ್ತಾರೆ ಎಂಬುದು ಅವರ ಸಿಟ್ಟು. ಮಲ್ಲಪ್ಪ ಎಷ್ಟೋ ಭಾನುವಾರ ಬಂದು ಕಲಿತ. ತಪಾಸಣೆಯ ದಿನ ಡಾಕ್ಟರು ಗಡಿಯಾರ ನೋಡಿಕೊಂಡು ಮುಗೀತಾ ಎಂದಾಗ, "ಇನ್ನೂ ಎಡಗಾಲ ಉಳದೈತ್ರಿ ಸಾಬ್" ಎಂದನಂತೆ. ಎಲ್ಲವೂ ದಾಖಲಾಯಿತು. ಅವನು ತಂದುಕೊಟ್ಟ ಕರದಂಟನ್ನು ಕುಶಾಲಪ್ಪನವರು ಅಗಿಯುತ್ತಾ, "ಇದೂ ಭಲ್ಲಾಗೆ ಬಿದ್ದ ಏಟೇ" ಎಂದರು. ಅವರ ಮಟ್ಟಿಗೆ ತಾರಸಿಯಿಂದ ಕಲಿತು ಹೋದ ಪ್ರತಿಯೊಬ್ಬನೂ ಭಲ್ಲಾಗೆ ಬಿದ್ದ ಒಂದೊಂದು ಏಟು. ದೇಚಮ್ಮ ಆಂಟಿ ಬಿಸಿನೀರಿನ ಚೀಲ ತಂದು ಅವರ ಬೆನ್ನಹಿಂದೆ ಇಟ್ಟು ಒಳಗೆ ಹೋದರು.

ಹೋದ ಚಳಿಗಾಲದ ಹೊತ್ತಿಗೆ ಬಲಗಾಲು ಪೂರ್ತಿ ಎಳೆಯಲಾರಂಭಿಸಿತು. ಆಪರೇಷನ್ ಮಾಡದಿದ್ದರೆ ನಡೆಯುವುದೇ ನಿಲ್ಲುತ್ತದೆ ಎಂದರು ಡಾಕ್ಟರು. ದಿನ ಗೊತ್ತಾದ ಕೂಡಲೇ ನಾನು ಪಾರ್ಕಿಂಗಿನಲ್ಲಿ ಕರ್ನಲ್ ಭಲ್ಲಾರ ಕಾರಿಗೆ ಅಡ್ಡ ನಿಂತು ಆಸ್ಪತ್ರೆ, ವಾರ್ಡು, ನೋಡಲು ಬಿಡುವ ಸಮಯ ಎಲ್ಲ ತಿಳಿಸಿದೆ. ಸಂಜೆ ನಾಲ್ಕರಿಂದ ಆರು. ಅವರಿಗೆ ನಿಮ್ಮಿಂದ ಏನು ಬೇಕು ಎಂದು ನಿಮಗೆ ಗೊತ್ತಿದೆ, ಎಂದೂ ಹೇಳಿದೆ. ಅವರು ಸ್ಟೀರಿಂಗ್ ನೋಡುತ್ತಾ, ನೋಡೋಣ ಬೇಟಾ, ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಸಂಜೆ ನಾನು ಹೋದಾಗ ಕುಶಾಲಪ್ಪನವರು ಮಂಚದ ತಲೆಭಾಗ ಎತ್ತಿಸಿಕೊಂಡು, ಕ್ಷೌರ ಮಾಡಿಸಿಕೊಂಡು, ತಲೆ ಬಾಚಿಕೊಂಡು ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಒರಗಿ ಕೂತರೆ ನೋವಾಗುತ್ತದೆ, ಮಲಗಿ ಎಂದು ನರ್ಸು ಬೈಯುತ್ತಿದ್ದಳು.

"ಅವನು ಬಂದಿದ್ನಾ ಕೆಳಗೆ?" ಎಂದು ಕೇಳಿದರು.

ಇಲ್ಲ ಎಂದೆ. ದಾರಿಯಲ್ಲಿರಬಹುದು ಎಂದು ಸೇರಿಸಿದೆ, ಅದು ನನಗೂ ನಂಬಿಕೆ ಇಲ್ಲದ ಮಾತು.

"ಬಂದ್ರೆ ನಾನು ಮಲಗಿಕೊಂಡು ಕೇಳಲ್ಲ. ಕೂತೇ ಕೇಳ್ಬೇಕು" ಎಂದರು. ಆರು ಗಂಟೆಗೆ ಕಾವಲಿನವನು ಬಂದು ಎಲ್ಲರನ್ನೂ ಹೊರಗೆ ಕಳಿಸುವವರೆಗೆ ಅವರು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಮಾರನೆಯ ದಿನವೂ ಹಾಗೇ ಕೂತರು, ಅದರ ಮಾರನೆಯ ದಿನವೂ. ಭಲ್ಲಾ ಬೆಳಗ್ಗೆ ವಾಕಿಂಗ್ ಹೋದರು, ಸಂಜೆ ಕ್ಲಬ್‌ಹೌಸಿನಲ್ಲಿ ಇಸ್ಪೀಟಾಡಿದರು, ನಾನು ಬಾಲ್ಕನಿಯಿಂದ ನೋಡಿದೆ. ಆ ವಾರ ದೆಹಲಿಯ ಗಾಳಿ ಉಸಿರಾಡುವಂತಿರಲಿಲ್ಲ. ಕುಶಾಲಪ್ಪನವರ ಎದೆಗೆ ಸೋಂಕು ತಗುಲಿತು. ನಾನು ಆಫೀಸಿನಲ್ಲಿದ್ದಾಗ ದೇಚಮ್ಮ ಆಂಟಿಯ ಫೋನು ಬಂತು.

ಪಾಲಂನ ಆ ಕಿರಿದಾದ ಗಲ್ಲಿಯಲ್ಲಿ ಅವರನ್ನು ಮಲಗಿಸಿದ್ದರು. ಊರಲ್ಲಾಗಿದ್ದರೆ ಬಂದೂಕು ಹಾರಿಸಿ ಸಾವಿನ ಸುದ್ದಿ ತಿಳಿಸುತ್ತಿದ್ದರು, ಇಲ್ಲಿ ಅದೂ ಇಲ್ಲ, ಎಂದರು ಬಿಳಿ ಸೀರೆಯುಟ್ಟು ಕೂತಿದ್ದ ಆಂಟಿ. ತಾರಸಿಯ ಪರೇಡಿನವರೆಲ್ಲ ಬಂದಿದ್ದರು. ಆಗ ಗಲ್ಲಿಯ ತುದಿಯಲ್ಲಿ ಕರ್ನಲ್ ಭಲ್ಲಾ ಕಾಣಿಸಿಕೊಂಡರು, ಬ್ಲೇಜರ್ ಹಾಕಿ, ಟೈ ಕಟ್ಟಿ. ಜನ ದಾರಿ ಬಿಟ್ಟರು. ಅವರು ಹತ್ತಿರ ಬಂದು ನಿಂತು ಸೆಲ್ಯೂಟು ಮಾಡಿದರು. ಕೈ ಇಳಿಸಲು ಬಹಳ ಹೊತ್ತು ತೆಗೆದುಕೊಂಡರು, ಎದುರಿನಿಂದ ಹಿಂತಿರುಗಿ ಬರಬಹುದೆಂದು ಕಾಯುತ್ತಿದ್ದಾರೇನೋ ಅನ್ನಿಸಿತು. ಆಮೇಲೆ ಆಂಟಿಯ ಮುಂದೆ ಬಾಗಿ ಹಿಂದಿಯಲ್ಲಿ, ಬೆಹನ್‌ಜಿ, ನಾಳೆ ಆಸ್ಪತ್ರೆಗೆ ಹೋಗಬೇಕೆಂದೇ ಇದ್ದೆ, ಆ ದಿನ ತಪಾಸಣೆಯಲ್ಲಿ ನಾನು, ಎಂದು ಶುರುಮಾಡಿದರು.

ಆಂಟಿ ಕೈ ಎತ್ತಿ ತಡೆದರು. ಅವರಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಆದರೆ ಕನ್ನಡದಲ್ಲಿ ನನಗೆ ಹೇಳಿದರು, ಅವರ ಮುಖ ನೋಡಿಕೊಂಡೇ: "ಇವರಿಗೆ ಹೇಳು ಮಗಳೇ. ಕೇಳಬೇಕಾದವರು ಮೂರು ಸಂಜೆ ಕಾದು ಕೂತಿದ್ರು. ನಾನು ಕೇಳಿಸಿಕೊಳ್ಳಲ್ಲ. ಅದನ್ನ ಅವರೇ ಇಟ್ಟುಕೊಳ್ಳಲಿ."

ನಾನು ಒಂದು ಪದವನ್ನೂ ಮೆದು ಮಾಡದೆ ಹಿಂದಿಗೆ ದಾಟಿಸಿದೆ. ಭಲ್ಲಾ ಸುತ್ತ ನೋಡಿದರು. ಮಲ್ಲಪ್ಪ ಬೇರೆ ಕಡೆ ನೋಡಿದ, ಉಳಿದವರೂ ಮುಖ ತಿರುಗಿಸಿದರು. ಕೊನೆಗೆ ಅವರು ಬಂದ ದಾರಿಯಲ್ಲೇ ಹೋದರು.

ಈಗ ನಮ್ಮ ಗೇಟಿನಲ್ಲಿ ಏಜೆನ್ಸಿಯ ಹೊಸ ಕಾವಲಿನವರು. ಅವರು ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಯಾರೂ ಯಾರಿಗೂ ಸೆಲ್ಯೂಟು ಹೊಡೆಯುವುದಿಲ್ಲ. ಇನ್ನು ನೆಮ್ಮದಿಯಾಗಿ ವಾಕಿಂಗ್ ಹೋಗಬಹುದಲ್ಲ, ಭಲ್ಲಾ ಹೋಗುವುದಿಲ್ಲ. ಗುಪ್ತಾಜಿಯ ಬಳಿ ಎರಡು ಸಲ ಏನೋ ಹೇಳಲು ಬಂದು, ಅವರು ನೀರಿನ ಟ್ಯಾಂಕರಿನ ವಿಷಯ ಎತ್ತಿದ್ದರಿಂದ ಸುಮ್ಮನಾದರಂತೆ.

ಮೊನ್ನೆ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಬಾಗಿಲು ಮುಚ್ಚಿದ ಮೇಲೆ ಅವರು ನನ್ನ ಕಡೆ ತಿರುಗಿದರು. ಬಹಳ ಇಳಿದುಹೋಗಿದ್ದರು, ಗಡ್ಡ ಬಿಟ್ಟಿದ್ದರು. "ಬೇಟಾ, ನೀನಾದರೂ ಕೇಳು. ಆ ದಿನ ನನ್ನ ಬೆರಳಿಗೆ ಸಿಕ್ಕಿತ್ತು, ನಾನು—" ಎಂದರು.

ನಾನು ಕೈ ಚಾಚಿ ನಾಲ್ಕನೇ ಮಹಡಿಯ ಬಟನ್ ಒತ್ತಿದೆ. ಬಾಗಿಲು ತೆರೆಯಿತು, ಇಳಿದೆ. ನನ್ನ ಮನೆ ಒಂಬತ್ತರಲ್ಲಿದೆ ಎಂದು ಅವರಿಗೆ ಗೊತ್ತು. ಬಾಗಿಲು ಮುಚ್ಚುವವರೆಗೆ ಅವರ ಬಾಯಿ ತೆರೆದೇ ಇತ್ತು. ಉಳಿದ ಮಹಡಿಗಳನ್ನು ನಾನು ಮೆಟ್ಟಿಲು ಹತ್ತಿಕೊಂಡು ಹೋದೆ, ಸ್ವಲ್ಪವೂ ದಣಿವಾಗಲಿಲ್ಲ.